ಅಫಜಲಪುರದ ಪಡಸಾಲೆಯಲ್ಲಿ ಮೆರೆಂಗೆ

ಅಫಜಲಪುರದ ಆ ಮನೆಗೆ ಮೊದಲ ಸಲ ಹೋದಾಗ ರೋಗಿ ಅಡುಗೆಮನೆಯ ಹೊಸ್ತಿಲ ಮುಂದೆ ನಿಂತಿದ್ದರು. ಕೈಯಲ್ಲಿದ್ದ ಖಾಲಿ ಕಪ್ಪು-ಬಸಿ ಕಟಕಟ ಸದ್ದು ಮಾಡುತ್ತಿತ್ತು. ನನ್ನನ್ನು ಕಂಡು ‘ಬರ್ರಿ’ ಎಂದದ್ದು ತುಟಿಯಿಂದ ತಿಳಿಯಿತೇ ಹೊರತು ಕಿವಿಗೆ ಬೀಳಲಿಲ್ಲ. ಒಳಗೂ ಹೋಗಲಿಲ್ಲ, ನನ್ನ ಕಡೆಗೂ ತಿರುಗಲಿಲ್ಲ. ಎರಡೂ ಅಂಗಾಲು ಶಹಾಬಾದ ಕಲ್ಲಿನ ನೆಲಕ್ಕೆ ಮೆತ್ತಿಕೊಂಡಂತಿದ್ದವು. ಮೊಣಕಾಲು ಮಾತ್ರ ನಡುಗುತ್ತಿದ್ದವು.

ಒಳಗಿನಿಂದ ಅವರ ಹೆಂಡತಿ ಬಂದು ಕಪ್ಪನ್ನು ಇಸಿದುಕೊಂಡರು.

“ಹಿಂಗ ನಿಂತ್ರ ನಿಂತೇಬಿಡ್ತಾರ್ರಿ ಮೇಡಮ್ಮರ. ದಬ್ಬಿದ್ರ ಬೀಳ್ತಾರ, ಬಿಟ್ರ ಅಲ್ಲೇ ಇರ್ತಾರ. ನಾ ಏನ್ ಮಾಡ್ಲಿ, ನೀವ ಹೇಳ್ರಿ.”

ನಾನು ಫಿಸಿಯೋಥೆರಪಿಸ್ಟ್. ಮನೆ, ಕ್ಲಿನಿಕ್ಕು ಎರಡೂ ಆಳಂದದಲ್ಲಿ. ಮಂಗಳವಾರ ಮತ್ತು ಶುಕ್ರವಾರ ಅಫಜಲಪುರಕ್ಕೆ, ಗುರುವಾರ ಜೇವರ್ಗಿಗೆ ಹೋಗಿ ಮನೆಗಳಿಗೇ ಭೇಟಿ ಕೊಟ್ಟು ರೋಗಿಗಳನ್ನು ನೋಡುತ್ತೇನೆ. ಈ ರೋಗಿಯನ್ನು ನನ್ನ ಬಳಿ ಕಳಿಸಿದವರು ಸೊಲ್ಲಾಪುರದ ನರರೋಗ ತಜ್ಞರು. ರೋಗಿಗೆ ಐವತ್ತು ದಾಟಿ ಸ್ವಲ್ಪವೇ ಆಗಿತ್ತು. ಬಜಾರದಲ್ಲಿ ಅಣ್ಣನ ಜೊತೆ ಬಟ್ಟೆ ಅಂಗಡಿ ನಡೆಸಿದವರು. ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಲು ಕತ್ತರಿ ಹಿಡಿದ ಕೈ ನಡುಗಿತು. ಆಮೇಲೆ ಬೆಳಗಿನ ಪೂಜೆಯಲ್ಲಿ ಅಂಗೈ ಮೇಲಿನ ಲಿಂಗ ನಿಲ್ಲದಾಯಿತು. ಈಗ ಕಾಲು. ನಡೆಯುತ್ತಿದ್ದವರು ಬಾಗಿಲು ಬಂದರೆ, ನೆಲದ ಬಣ್ಣ ಬದಲಾದರೆ, ತಿರುಗಬೇಕಾಗಿ ಬಂದರೆ ನಿಂತೇಬಿಡುತ್ತಿದ್ದರು. ಕಾಲಿನಲ್ಲಿ ಶಕ್ತಿ ಇತ್ತು, ಹೋಗಬೇಕೆಂಬ ಮನಸ್ಸೂ ಇತ್ತು. ‘ಈಗ ಎತ್ತು’ ಎಂದು ಕಾಲಿಗೆ ಹೇಳಬೇಕಾದ ಮಿದುಳು ಮಾತ್ರ ಹೊತ್ತಿಗೆ ಸರಿಯಾಗಿ ಹೇಳುತ್ತಿರಲಿಲ್ಲ. ಕೆಲವು ದಿನಗಳ ಹಿಂದೆ ಹೀಗೇ ಬಜಾರದ ಗಟಾರದ ಬಳಿ ನಿಂತು, ಮುಂದಕ್ಕೆ ವಾಲಿ ಬಿದ್ದು ಹಣೆ ಒಡೆದುಕೊಂಡಿದ್ದರು.

“ನಿಮಗ ಏನ್ ಆಗಬೇಕಂತ ಅನಸ್ತದ್ರಿ ಸಾವ್ಕಾರ್ರ?” ಎಂದು ಕೇಳಿದೆ. ಮೊದಲ ದಿನ ಎಲ್ಲರಿಗೂ ಕೇಳುವ ಪ್ರಶ್ನೆ ಇದು.

“ಅಂಗಡಿಗಿ ನಾನ ನಡಕೊಂಡ ಹೋಗ್ಬೇಕ್ರಿ” ಎಂದರು. ಅಂಗಡಿ ಇದ್ದದ್ದು ಓಣಿಯ ತಿರುವಿನಲ್ಲೇ.

ಇಂಥ ರೋಗಿಗಳಿಗೆ ಮಾಡುವ ಕ್ರಮವನ್ನೇ ಮಾಡಿದೆ. ನೆಲದ ಮೇಲೆ ಹೆಜ್ಜೆಗೊಂದರಂತೆ ಅಡ್ಡಪಟ್ಟಿ ಅಂಟಿಸಿದೆ. ಕಣ್ಣಿಗೆ ದಾಟಲು ಒಂದು ಗೆರೆ ಸಿಕ್ಕರೆ ಕಾಲು ಏಳುತ್ತದೆ. ಎದ್ದಿತು, ಆದರೆ ಪಟ್ಟಿ ಮುಗಿದಲ್ಲಿ ಅವರೂ ನಿಂತರು. ನಂತರ ಫೋನಿನಲ್ಲಿ ಟಕ್ ಟಕ್ ಎಂದು ಬಡಿಯುವ ಆ್ಯಪ್ ಹಾಕಿಕೊಟ್ಟೆ. ಪ್ರತಿ ಬಡಿತಕ್ಕೆ ಒಂದು ಹೆಜ್ಜೆ. ಮೊದಲ ವಾರ ನಡೆದರು. ಎರಡನೇ ವಾರ ಆ ಸದ್ದು ಕೇಳಿದರೇ ಮುಖ ಬೆವರುತ್ತಿತ್ತು.

“ಯಾರೋ ಹಿಂದ ನಿಂತು ಬಡದಂಗ ಆಗ್ತದ್ರಿ. ಬಂದ್ ಮಾಡ್ರಿ,” ಎಂದರು.

ಬಂದ್ ಮಾಡಿದೆ. ಆ ವಾರ ಸ್ನಾನದ ಮನೆಯ ಬಾಗಿಲಲ್ಲಿ ಮತ್ತೊಮ್ಮೆ ಬಿದ್ದರು.

ಹಿಂದೆ ಒಂದು ತರಬೇತಿ ಶಿಬಿರದಲ್ಲಿ ಪಾರ್ಕಿನ್ಸನ್ ರೋಗಿಗಳು ಜೋಡಿಯಾಗಿ ಲ್ಯಾಟಿನ್ ನೃತ್ಯ ಮಾಡುವ ವಿಡಿಯೋ ತೋರಿಸಿದ್ದರು. ಎದುರಿಗೊಬ್ಬರು ಕೈ ಹಿಡಿದಿರುತ್ತಾರೆ, ಹಾಡು ಹೆಜ್ಜೆಯನ್ನು ಮುಂಚೆಯೇ ಸೂಚಿಸುತ್ತದೆ, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಆಗ ನೋಡಿ ಸುಮ್ಮನಾಗಿದ್ದೆ. ಈಗ ಬೇರೆ ದಾರಿ ಕಾಣಲಿಲ್ಲ. ಕಲಬುರಗಿಯಲ್ಲಿ ಒಂದು ಜಿಮ್ಮಿನ ಮೇಲಿನ ಮಹಡಿಯಲ್ಲಿ ಭಾನುವಾರ ಸಂಜೆ ಲ್ಯಾಟಿನ್ ನೃತ್ಯ ಕಲಿಸುತ್ತಾರೆಂದು ತಿಳಿದು ಹೋದೆ.

ಶಿಕ್ಷಕರು ಪುಣೆಯಲ್ಲಿ ಬಹಳ ಕಾಲ ಕಲಿತು, ಕಲಿಸಿ ಊರಿಗೆ ಮರಳಿದವರು. ತರಗತಿಯಲ್ಲಿದ್ದವರು ಹೆಚ್ಚಾಗಿ ತಮ್ಮ ಮದುವೆಯ ಆರತಕ್ಷತೆಯಲ್ಲಿ ಕುಣಿಯಬೇಕಿದ್ದ ಜೋಡಿಗಳು. ನಾನು ಸಲ್ವಾರ್ ಕಮೀಜಿನಲ್ಲಿ, ಬಸ್ಸಿನ ಧೂಳಿನ ಸಮೇತ, ಹಿಂದಿನ ಸಾಲಿನಲ್ಲಿ ನಿಂತೆ.

ಮೊದಲು ಸಾಲ್ಸಾ. ಎಂಟು ಎಣಿಕೆಯ ಸುತ್ತು. ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಕಾಲು ಸುಮ್ಮನೆ. ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ಮತ್ತೆ ಸುಮ್ಮನೆ. ಇಷ್ಟೇ ಎಂದುಕೊಂಡೆ. ಗಟ್ಟಿಯಾಗಿ ಎಣಿಸುತ್ತ ತಪ್ಪಿಲ್ಲದೆ ಕಾಲಿಟ್ಟೆ. ಶಿಕ್ಷಕರು ಹಾಡು ನಿಲ್ಲಿಸಿದರು.

“ಮೇಡಂ, ನೀವು ಎಣಸಾಕತ್ತೀರಿ, ಕೇಳವಲ್ರಿ. ನಿಮ್ಮ ‘ಒಂದು’ ಎಲ್ಲದ, ಹಾಡಿಂದು ಎಲ್ಲದ?”

ನಿಜ. ನನ್ನ ಎಣಿಕೆ ನನ್ನ ಪಾಡಿಗೆ, ಹಾಡು ಅದರ ಪಾಡಿಗೆ ಹೋಗುತ್ತಿತ್ತು. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದರು. ಕುಣಿಯುವುದು ಬೇಡ, ಈ ವಾರ ಕೋಂಗಾ ಒಂದನ್ನೇ ಕೇಳಿ ಎಂದರು. ಕೋಂಗಾ ಎಂದರೆ ಬರಿಗೈಯಿಂದ ಬಾರಿಸುವ ಉದ್ದನೆಯ ಡೋಲು. ಅದರ ಸಣ್ಣ ತಟ್ಟುವಿಕೆಗಳ ನಡುವೆ ಎರಡು ತುಂಬಿದ ಪೆಟ್ಟು ಬರುತ್ತವೆ, ದುಂ-ದುಂ ಎಂದು. ಎಷ್ಟೋ ಸಲ ಕೇಳಿದ ಮೇಲೆ ಹೊಳೆಯಿತು: ಆ ದುಂ-ದುಂ ಬರುವುದು ಸರಿಯಾಗಿ ನಾಲ್ಕನೆಯದರಲ್ಲಿ ಮತ್ತು ಎಂಟನೆಯದರಲ್ಲಿ. ಕಾಲು ಸುಮ್ಮನಿರುವ ಜಾಗದಲ್ಲೇ ಕೋಂಗಾ ಮಾತಾಡುತ್ತದೆ. ಮುಂದಿನ ಹೆಜ್ಜೆ ಬರುತ್ತಿದೆ ಎಂದು ಅದು ಮುಂಚೆಯೇ ಹೇಳುತ್ತದೆ.

ಮುಂದಿನ ವಾರ ಕ್ಲಾವೆ. ಎರಡು ಕಟ್ಟಿಗೆ ತುಂಡುಗಳನ್ನು ಒಂದಕ್ಕೊಂದು ಬಡಿಯುವ ಸದ್ದು. ಒಮ್ಮೆ ಎರಡು ಪೆಟ್ಟು, ಒಮ್ಮೆ ಮೂರು. ಆ ಐದು ಪೆಟ್ಟುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ನಮ್ಮ ಭಜನೆಯ ತಾಳ ಕೇಳಿ ಬೆಳೆದ ನನ್ನ ಕಿವಿ ಅದನ್ನು ಸಮ ಮಾಡಿ ಕೇಳಲು ಹಟ ಹಿಡಿಯುತ್ತಿತ್ತು. ಕೆಲವು ಹಾಡುಗಳಲ್ಲಿ ಕ್ಲಾವೆಯನ್ನು ಯಾರೂ ಬಾರಿಸುವುದೇ ಇಲ್ಲ, ಉಳಿದ ವಾದ್ಯಗಳೆಲ್ಲ ಅದು ಇದೆ ಎಂದುಕೊಂಡೇ ನುಡಿಯುತ್ತವೆ. ಆಳಂದದಿಂದ ಅಫಜಲಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಅದನ್ನೇ ಕೇಳುತ್ತಿದ್ದೆ. ಒಂದು ಶುಕ್ರವಾರ ನಿಂಬರ್ಗಾ ದಾಟಿ ತೊಗರಿ ಹೊಲಗಳ ನಡುವೆ ಹೋಗುವಾಗ, ನಾನು ಎಣಿಸದೆಯೇ ‘ಒಂದು’ ಬಂತು. ಮತ್ತೆ ಬಂತು. ಪಕ್ಕದಲ್ಲಿದ್ದ ಹೆಂಗಸು, “ಯಾಕವ್ವಾ, ಹುಷಾರಿಲ್ಲೇನು?” ಎಂದು ಕೇಳಿದಳು. ನನ್ನ ಹಿಮ್ಮಡಿ ಬಸ್ಸಿನ ನೆಲವನ್ನು ಬಡಿಯುತ್ತಿತ್ತು.

ಶಿಕ್ಷಕರಿಂದ ನನಗೆ ದಕ್ಕಿದ ಇನ್ನೊಂದು ಮಾತು ಸೊಂಟದ ಬಗ್ಗೆ. ಸೊಂಟವನ್ನು ಯಾರೂ ಕುಣಿಸುವುದಿಲ್ಲ, ಮೊಣಕಾಲು ಮಡಿಸಿ ಭಾರವನ್ನು ಪೂರ್ತಿಯಾಗಿ ಒಂದು ಕಾಲಿಗೆ ಕೊಟ್ಟಾಗ ಸೊಂಟ ತಾನಾಗಿ ಸರಿಯುತ್ತದೆ ಎಂದರು. ನನಗೆ ಬೇಕಾದದ್ದು ಇದೇ. ನನ್ನ ರೋಗಿ ನಿಂತುಬಿಡುತ್ತಿದ್ದದ್ದು ಎರಡೂ ಕಾಲ ಮೇಲೆ ಅರ್ಧರ್ಧ ಭಾರ ಇಟ್ಟುಕೊಂಡು. ಒಂದು ಕಾಲಿಗೆ ಭಾರ ಕೊಡದೆ ಇನ್ನೊಂದು ಏಳುವುದಾದರೂ ಹೇಗೆ?

ಮನೆಯಲ್ಲಿ ವಿಷಯ ಹೇಳಿದ ದಿನ ರೋಗಿಯ ಅಣ್ಣನೂ ಇದ್ದರು. ಅಂಗಡಿಯ ಭಾರವೆಲ್ಲ ಅವರ ಮೇಲೆ ಬಿದ್ದಿತ್ತು. ತಮ್ಮನನ್ನು ಚಿಕ್ಕವನಿದ್ದಾಗಿನಿಂದ ಸಾಕಿದವರು, ಸೊಲ್ಲಾಪುರಕ್ಕೆ ಪ್ರತಿ ಸಲ ಕರೆದುಕೊಂಡು ಹೋಗುತ್ತಿದ್ದವರೂ ಅವರೇ.

“ಮೇಡಂ, ವ್ಯಾಯಾಮ ಮಾಡಸ್ರಿ, ಮಾಲೀಶ್ ಮಾಡಸ್ರಿ, ಯಾರ್ ಬ್ಯಾಡಂತಾರ? ಗಂಡ ಹೆಂಡ್ತಿ ಕೈಕೈ ಹಿಡ್ಕೊಂಡು ಕುಣದ್ರ ಬಜಾರದಾಗ ನಾ ಮಾರಿ ಹ್ಯಾಂಗ ತೋರಸ್ಲಿ?”

ರೋಗಿಯ ಹೆಂಡತಿ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದಿನಿಂದ ಈಚೆ ಬಂದರು.

“ಭಾವಾರ, ನಿಮ್ಮ ತಮ್ಮ ಗಟಾರದ ಬಾಜೂಕ ರಗತ ಸುರಿಸ್ಕೋತ ಬಿದ್ದಾಗ ಬಜಾರ ಮಂದಿ ಸುತ್ತ ನಿಂತು ನೋಡಿದ್ರು. ಅದಕ್ಕಿಂತ ಕುಣಿಯೂದು ಕೆಟ್ಟೇನ್ರಿ? ಕಿಡಕಿ ಹಾಕ್ಕೊಂಡು ಮಾಡ್ತೇವಿ.”

ಅಣ್ಣ ಎದ್ದು ಅಂಗಡಿಗೆ ಹೋದರು. ಹೋಗುವಾಗ ಕಿಟಕಿಯನ್ನು ತಾವೇ ಮುಚ್ಚಿದರು.

ಪಡಸಾಲೆಯ ಮಂಚ, ಕುರ್ಚಿ ಸರಿಸಿದೆವು. ಬೆಳಗಿನ ಗುಳಿಗೆಯ ಪರಿಣಾಮ ಚೆನ್ನಾಗಿ ಏರಿದ ಹೊತ್ತನ್ನೇ ಆರಿಸಿಕೊಂಡೆ. ಗುಳಿಗೆಗೂ ಊಟಕ್ಕೂ ನಡುವೆ ಅಂತರ ಇಡಿಸಿದೆ. ರೋಗಿಯ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಅದರ ಹಿಡಿಕೆ ಹಿಡಿದು ನಾನು ಹಿಂದೆ ನಿಂತೆ. ಹೆಂಡತಿ ಎದುರಿಗೆ ನಿಂತು ಅವರ ಎರಡೂ ಕೈ ಹಿಡಿದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಇನ್ನೊಬ್ಬರ ಎದುರು ಅವರು ಕೈ ಹಿಡಿದದ್ದು ಅದೇ ಮೊದಲಿರಬೇಕು. ಇಬ್ಬರೂ ನೆಲ ನೋಡುತ್ತಿದ್ದರು.

ಸಾಲ್ಸಾ ಹಚ್ಚಿದೆ, ನಿಧಾನದ ಹಾಡು. ಒಂದು, ಎರಡು, ಮೂರು. ಬಂದರು. ನಾಲ್ಕು. ನಿಂತರು.

ನಿಂತವರು ಐದಕ್ಕೆ ಏಳಲಿಲ್ಲ. ಹಾಡು ಮುಂದೆ ಹೋಯಿತು. ಮತ್ತೆ ಮೊದಲಿನಿಂದ. ಮೂರು ಹೆಜ್ಜೆ ಬರುತ್ತವೆ, ನಾಲ್ಕಕ್ಕೆ ಕಾಲು ಹೂತುಹೋಗುತ್ತದೆ. ಎಷ್ಟು ವಾರ ಪ್ರಯತ್ನಿಸಿದರೂ ಅಷ್ಟೇ. ಕೊನೆಕೊನೆಗೆ ಮೂರನೆಯ ಹೆಜ್ಜೆಯಲ್ಲೇ ಅವರ ಬೆರಳು ಹೆಂಡತಿಯ ಮಣಿಕಟ್ಟನ್ನು ಹಿಚುಕುತ್ತಿದ್ದವು. ಒಂದು ಮಂಗಳವಾರ ಅವರು ಮಂಚದ ಮೇಲೆ ಕೂತು ಅತ್ತುಬಿಟ್ಟರು. ಕಾಯಿಲೆಯಿಂದ ಮುಖದ ಸ್ನಾಯು ಬಿಗಿದಿರುವುದರಿಂದ ಮುಖದಲ್ಲಿ ಅಳು ಕಾಣುವುದಿಲ್ಲ. ಕಣ್ಣಿನಿಂದ ನೀರು ಮಾತ್ರ ಬರುತ್ತದೆ. ಹೆಂಡತಿ ಮಣಿಕಟ್ಟಿನ ಕೆಂಪನ್ನು ಬಳೆಯಿಂದ ಮುಚ್ಚಿಕೊಂಡರು.

ಆ ಭಾನುವಾರ ಶಿಕ್ಷಕರ ಮುಂದೆ ಎಲ್ಲ ಹೇಳಿದೆ. ಬಚಾಟಾ ಆದೀತೇ ಎಂದು ಕೇಳಿದೆ. ಅದರಲ್ಲೂ ಮೂರು ಹೆಜ್ಜೆ ಹಾಕಿ ನಾಲ್ಕಕ್ಕೆ ಬೆರಳು ತಾಗಿಸಿ ತಡೆಯಬೇಕು ಎಂದರು. ಹಾಗೆ ಅನ್ನುತ್ತಿದ್ದಂತೆ ನಮ್ಮಿಬ್ಬರಿಗೂ ತಪ್ಪು ಎಲ್ಲಿದೆ ಎಂದು ಕಂಡಿತು. ಸಾಲ್ಸಾದ ಚೆಲುವೆಲ್ಲ ಆ ವಿರಾಮದಲ್ಲಿದೆ. ಆರೋಗ್ಯವಂತರಿಗೆ ಅದು ಉಸಿರಾಡುವ ಜಾಗ. ನನ್ನ ರೋಗಿಗೆ ಅದೇ ಗುಂಡಿ. ನಿಂತ ಕಾಲನ್ನು ಮತ್ತೆ ಎಬ್ಬಿಸುವುದೇ ಅವರ ಕಾಯಿಲೆಯಾಗಿರುವಾಗ, ನಾನು ಅವರಿಗೆ ಪ್ರತಿ ಸುತ್ತಿನಲ್ಲಿ ಎರಡು ಸಲ ನಿಲ್ಲುವುದನ್ನು ಕಲಿಸುತ್ತಿದ್ದೆ.

“ನಿಲ್ಲಲಾರದ್ದು ಒಂದದ ಮೇಡಂ,” ಎಂದರು ಶಿಕ್ಷಕರು. “ಮೆರೆಂಗೆ. ನಮ್ಮ ಕ್ಲಾಸ್‌ನ್ಯಾಗ ಯಾರೂ ಕೇಳಂಗಿಲ್ಲ, ಭಾಳ ಸಾದಾ ಅದ ಅಂತಾರ. ಎಡ, ಬಲ, ಎಡ, ಬಲ. ಬಡಿತಕ್ಕೊಂದು ಹೆಜ್ಜಿ. ಹಾಡ ಮುಗಿಯೂತನ ನಿಲ್ಲೂದ ಇಲ್ಲ.”

ತಿಂಗಳುಗಟ್ಟಲೆ ಕಲಿತದ್ದನ್ನು ಬಿಡಲು ಮನಸ್ಸಿಗೆ ಕಷ್ಟವಾಯಿತು. ಆದರೂ ಅಲ್ಲೇ ಬಿಟ್ಟೆ. ಮೆರೆಂಗೆ ಹಾಡುಗಳಲ್ಲಿ ಲೋಹದ ಕೊಳವೆಯನ್ನು ಕಡ್ಡಿಯಿಂದ ಕೆರೆಯುವ ಸದ್ದೊಂದು ಎಡೆಬಿಡದೆ ಇರುತ್ತದೆ, ಅದರ ಕೆಳಗೆ ತೊಡೆಯ ಮೇಲೆ ಅಡ್ಡಲಾಗಿಟ್ಟು ಬಾರಿಸುವ ಡೋಲು. ಅದರ ವೇಗ ನನ್ನ ರೋಗಿಗೆ ಹೆಚ್ಚು. ಆ್ಯಪಿನಲ್ಲಿ ಹಾಡುಗಳ ವೇಗ ಇಳಿಸಿ, ರೋಗಿಯ ನಡಿಗೆಗಿಂತ ತುಸುವೇ ಮುಂದಿರುವಂತೆ ಮಾಡಿಕೊಂಡೆ. ಇನ್ನೊಂದು ಬದಲಾವಣೆ ಮಾಡಿದೆ. ಜೋಡಿ ನೃತ್ಯದಲ್ಲಿ ಗಂಡಸು ನಡೆಸುತ್ತಾನೆ, ಹೆಂಗಸು ಅನುಸರಿಸುತ್ತಾಳೆ. ನಾನು ಅದನ್ನು ತಿರುಗಿಸಿದೆ. ಹೆಂಡತಿಗೆ ಬೇರೆಯಾಗಿ ಕಲಿಸಿದೆ. ಅಂಗೈಯಿಂದ ಗಂಡನ ಬಲ ಅಂಗೈಯನ್ನು ಮೆಲ್ಲಗೆ ಒತ್ತಿದರೆ ಅವರ ಭಾರ ಎಡಕ್ಕೆ ಹೋಗುತ್ತದೆ, ಬಲಗಾಲು ಹಗುರಾಗುತ್ತದೆ. ಆಮೇಲೆ ಅದನ್ನು ಕರೆಯಬಹುದು.

ಮುಂದಿನ ಮಂಗಳವಾರ ಮೊದಲು ನಿಂತಲ್ಲೇ ತೂಗಾಡಿಸಿದೆವು. ಎಡ, ಬಲ. ಭಾರ ಪೂರ್ತಿ ಬದಲಾಗುವ ತನಕ ಹೆಜ್ಜೆಯ ಮಾತೇ ಇಲ್ಲ. ಆಮೇಲೆ ಹೆಂಡತಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ರೋಗಿಯ ಬಲಗಾಲು ಬಂತು. ಎಡಗಾಲು ಬಂತು. ಪಡಸಾಲೆಯ ಆ ಗೋಡೆಯವರೆಗೂ ಬಂದರು. ಗೋಡೆಯ ಹತ್ತಿರ ತಿರುಗಬೇಕಿತ್ತು. ತಿರುಗುವುದನ್ನು ಒಂದೇ ಸಲಕ್ಕೆ ಮಾಡದೆ, ನಿಂತಲ್ಲೇ ಹೆಜ್ಜೆ ಹಾಕುತ್ತ ಗಡಿಯಾರದ ಮುಳ್ಳಿನಂತೆ ಸ್ವಲ್ಪಸ್ವಲ್ಪವೇ ತಿರುಗಿಸಿದೆವು. ತಿರುಗಿದರು.

“ಅಯ್ಯ, ಬಂದ್ರಲ್ರಿ!” ಎಂದರು ಹೆಂಡತಿ, ಹೊಸ ಮದುಮಗಳ ಧ್ವನಿಯಲ್ಲಿ. ರೋಗಿ ತಲೆಯೆತ್ತಿ ಅವರ ಮುಖ ನೋಡಿದರು. ಅಷ್ಟು ದಿನ ಕಾಲನ್ನೇ ನೋಡುತ್ತಿದ್ದವರು.

ಕೆಲವು ವಾರಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿದರು. ಸ್ನಾನದ ಮನೆಯ ಬಾಗಿಲು ದಾಟಿದರು. ಕಿಟಕಿ ತೆರೆಯಿತು. ಒಂದು ಶುಕ್ರವಾರ ಹೆಂಡತಿ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸಣ್ಣಗೆ ಹಾಡು ಹಚ್ಚಿ, ಅವರ ಪಕ್ಕದಲ್ಲಿ ಒಂದೇ ಕೈ ಹಿಡಿದು ಓಣಿಗೆ ಇಳಿದರು. ನಾನು ಹಿಂದೆ ಪಟ್ಟಿ ಹಿಡಿದಿದ್ದೆ. ಅಂಗಡಿಯ ಮೆಟ್ಟಿಲ ಬಳಿ ಅಣ್ಣ ಗಾದಿಯಿಂದ ಎದ್ದು ಬಂದರು. ತಮ್ಮನನ್ನು ತಬ್ಬಿಕೊಂಡು, ಬಜಾರದ ಮಂದಿಯೆಲ್ಲ ನೋಡುತ್ತಿದ್ದಾರೆಂಬುದನ್ನೂ ಮರೆತು ಅತ್ತರು. ನನ್ನ ಕಡೆ ಕೈ ಮುಗಿದು, “ನಿಮ್ಮ ಹಾಡು ಗುಳಗಿಕಿಂತ ಪಾಡ ಅದ್ರಿ ಮೇಡಂ,” ಎಂದರು.

ನಾನು ನಕ್ಕೆ. ಗುಳಿಗೆಗಿಂತ ಹಾಡು ವಾಸಿ ಎಂಬುದನ್ನು ಅವರು ಖುಷಿಯಲ್ಲಿ ಆಡಿದ ಮಾತೆಂದೇ ತಿಳಿದೆ.

ಆ ಹೊತ್ತಿಗಾಗಲೇ ಗುಳಿಗೆಯಿಂದ ಒಂದು ತೊಂದರೆ ಶುರುವಾಗಿತ್ತು. ಸಂಜೆಯ ಹೊತ್ತಿಗೆ ರೋಗಿಗೆ ಅಲ್ಲಿ ಇಲ್ಲದ ಮಕ್ಕಳು ಕಾಣುತ್ತಿದ್ದರು. “ಆ ಮೂಲ್ಯಾಗ ಹುಡುಗ್ರು ಕುಂತಾವ, ಅವಕ್ಕ ಏನರೆ ತಿನ್ನಾಕ ಕೊಡು,” ಎನ್ನುತ್ತಿದ್ದರಂತೆ. ಈ ಔಷಧಗಳಿಂದ ಹೀಗಾಗುವುದುಂಟು. ನಾನು ತಜ್ಞರಿಗೆ ಫೋನ್ ಮಾಡಿದೆ. ಅವರು ಒಂದು ಗುಳಿಗೆಯನ್ನು ಮೆಲ್ಲಗೆ ಇಳಿಸೋಣ, ಮುಖ್ಯ ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಬಾರದು, ಕರೆದುಕೊಂಡು ಬರಲಿ ಎಂದರು. ಮನೆಯಲ್ಲಿ ಹಾಗೇ ಹೇಳಿದೆ. ಹೆಂಡತಿ ಕೇಳಿಸಿಕೊಂಡರು. ಅಣ್ಣ ಅಂಗಡಿಯಲ್ಲಿದ್ದರು.

ಅದೇ ವಾರ ಹೆಂಡತಿಯ ತವರಿನಿಂದ, ಗೊಬ್ಬೂರದಿಂದ, ಅವರ ತಾಯಿ ತೀರಿಕೊಂಡರೆಂದು ಸುದ್ದಿ ಬಂತು. ಹೋಗಲೋ ಬೇಡವೋ ಎಂದು ನಿಂತವರನ್ನು ಗಂಡನೇ ಕಳಿಸಿದರು. “ನಾ ಈಗ ಚೊಲೋ ನಡೀತೇನಲ್ಲ, ಹೋಗು,” ಎಂದರಂತೆ.

ಶುಕ್ರವಾರ ನಾನು ಹೋದಾಗ ಪಡಸಾಲೆಯಲ್ಲಿ ಹಾಡು ಹಚ್ಚಿತ್ತು. ರೋಗಿ ಮಂಚದ ಮೇಲೆ ಮಲಗಿದ್ದರು. ಅಣ್ಣ ಪಕ್ಕದಲ್ಲಿ ಕೂತು ತಮ್ಮನ ಎರಡೂ ಕೈ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿದ್ದರು.

“ನಿನ್ನಿಲಿಂದ ಏಳವಲ್ಲ ನೋಡ್ರಿ. ಹಾಡ ಹಚ್ಚೇನಿ, ಆದ್ರೂ ಏಳವಲ್ಲ.”

ಮುಟ್ಟಿ ನೋಡಿದೆ. ಮೈ ಸುಡುತ್ತಿತ್ತು. ಮೊಣಕೈ ಮಡಿಸಲು ಹೋದರೆ ಮರದ ಕೊರಡು. ಹಾಸಿಗೆ ಬೆವರಿಗೆ ತೊಯ್ದಿತ್ತು. ಕಣ್ಣು ತೆರೆದಿದ್ದವು, ನನ್ನನ್ನು ಗುರುತಿಸಲಿಲ್ಲ.

“ಗುಳಗಿ ಕೊಟ್ಟೀರೇನ್ರಿ?”

“ಇಲ್ರಿ,” ಎಂದರು ಅಣ್ಣ. ತಮ್ಮನಿಗೆ ಇಲ್ಲದ ಮಕ್ಕಳು ಕಾಣುವುದನ್ನು ನೋಡಲಾರದೆ, ಪರಿಚಯದ ನಾಟಿ ವೈದ್ಯರೊಬ್ಬರನ್ನು ಕೇಳಿದ್ದರು. ಅವರು ಗುಳಿಗೆಗಳೇ ತಲೆ ಕೆಡಿಸಿವೆ, ಎಲ್ಲ ನಿಲ್ಲಿಸಿ ಎಂದು ಒಂದು ಪುಡಿ ಕೊಟ್ಟಿದ್ದರು. ಹೆಂಡತಿ ಊರಿಗೆ ಹೋದ ದಿನವೇ ಗುಳಿಗೆ ನಿಂತಿತ್ತು.

“ಅಂವನೂ ಹ್ಞೂಂ ಅಂದ್ರಿ. ಹಾಡಿಗಿ ನಡೀತೇನಲ್ಲ ಅಣ್ಣಾ, ಗುಳಗಿ ಯಾಕಂದ. ಎರಡ ದಿನ ಆ ಹುಡುಗ್ರೂ ಕಾಣ್ಲಿಲ್ಲ ಅವಗ. ನಾವು ಚೊಲೋ ಆತಂತ ತಿಳಕೊಂಡ್ವಿ.”

ಈ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರೆ ಮೈ ಕೊರಡಾಗಿ, ಜ್ವರವೇರಿ, ಮೂತ್ರಪಿಂಡ ಕೈಕೊಡಬಹುದು ಎಂದು ಓದಿದ್ದೆ. ಕಣ್ಣಾರೆ ನೋಡಿರಲಿಲ್ಲ. ತಜ್ಞರಿಗೆ ಫೋನ್ ಹಚ್ಚಿದೆ. ಅವರು ಒಂದೇ ಮಾತು ಹೇಳಿದರು: ಸೊಲ್ಲಾಪುರ ದೂರ, ಕಲಬುರಗಿಗೆ ಒಯ್ಯಿರಿ, ಈಗಲೇ. ಆಂಬುಲೆನ್ಸಿನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ ಹೋದೆ. ಅಣ್ಣ ಎದುರಿನ ಸೀಟಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದರು. “ನಾ ಹಾಡ ಗುಳಗಿಕಿಂತ ಪಾಡ ಅಂದಾಗ ನೀವು ನಕ್ಕಿದ್ರಲ್ರಿ ಮೇಡಂ? ಅಲ್ಲ ಅಂತ ಅನಲಿಲ್ಲಲ್ರಿ?”

ನಾನು ಬಟ್ಟೆ ಹಿಂಡುತ್ತ ಇದ್ದೆ.

ಐಸಿಯುನಲ್ಲಿ ಮೂಗಿನ ಕೊಳವೆಯಿಂದ ಗುಳಿಗೆ ಮತ್ತೆ ಶುರುಮಾಡಿದರು. ಜ್ವರ ಇಳಿಯಲು ಬಹಳ ದಿನ ಹಿಡಿಯಿತು. ಅವರು ಬದುಕಿ ಮನೆಗೆ ಬಂದರು. ಆದರೆ ಎದ್ದು ನಿಲ್ಲುವುದು ಮುಗಿದಿತ್ತು. ನುಂಗುವುದೂ ಕಷ್ಟವಾಗಿತ್ತು. ನನ್ನ ಕೆಲಸ ಈಗ ಬೇರೆ: ಬೆನ್ನು ತಟ್ಟಿ ಕಫ ಸಡಿಲಿಸುವುದು, ಕೀಲು ಹಿಡಿಯದಂತೆ ಕೈಕಾಲು ಆಡಿಸುವುದು, ಮೈಗೆ ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗಲು ಬದಲಿಸಲು ಮನೆಯವರಿಗೆ ಕಲಿಸುವುದು.

ಹೆಂಡತಿ ಭಾವನ ಜೊತೆ ಮಾತು ಬಿಟ್ಟಿದ್ದರು. ಅವರು ಮಂಚದ ಹತ್ತಿರ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ದಪ್ಪ ಮೈಯ ಗಂಡಸನ್ನು ಒಬ್ಬರೇ ಹೊರಳಿಸಲು ಹೋಗಿ ಅವರ ನಡು ಹಿಡಿಯಿತು. ಒಂದು ದಿನ ನಾನಿದ್ದಾಗಲೇ ಅಣ್ಣ ಬಂದು ಮಂಚದ ಆ ಬದಿಗೆ ನಿಂತರು.

“ಮೇಡಂ, ನನಗ ಕಲಸ್ರಿ,” ಎಂದರು.

ಹೆಂಡತಿ ತಲೆ ಎತ್ತಲಿಲ್ಲ. ಹೋಗಲೂ ಇಲ್ಲ. ಹಾಸಿದ ಚಾದರದ ಅಂಚನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದರು. ನಾನು ಎಣಿಸಿದೆ. ಒಟ್ಟಿಗೆ ಎತ್ತಿ ಮಗ್ಗಲಿಗೆ ಹೊರಳಿಸಿದರು. ಅಂದಿನಿಂದ ಅವರಿಬ್ಬರೂ ಮಾತಿಲ್ಲದೆ ಆ ಕೆಲಸ ಮಾಡಿದರು. ಚಳಿಗಾಲ ಮುಗಿಯುವ ಮೊದಲು ಎದೆಗೆ ನಂಜಾಗಿ ರೋಗಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ.

ಆ ಮೇಲೆ ನಾನು ಕಲಬುರಗಿಯ ತರಗತಿ ಬಿಟ್ಟೆ. ಹಾಡುಗಳನ್ನು ಫೋನಿನಿಂದ ಅಳಿಸಿದೆ. ಗುಳಿಗೆ ನಿಲ್ಲಿಸಿದ್ದು ನಾನಲ್ಲ ಎಂದು ತಜ್ಞರೂ ಹೇಳಿದರು, ನನಗೂ ಗೊತ್ತಿತ್ತು. ಆದರೆ ಮನೆಯವರು ಕಣ್ಣಿಗೆ ಕಂಡದ್ದನ್ನು ನಂಬುತ್ತಾರೆ. ಗುಳಿಗೆ ಏನು ಮಾಡುತ್ತದೆಂದು ಅವರಿಗೆ ಕಂಡಿರಲಿಲ್ಲ, ಹಾಡು ಮಾಡಿದ್ದು ಕಂಡಿತ್ತು. ಇಂಥ ಔಷಧವನ್ನು ಇನ್ನೊಂದು ಮನೆಗೆ ಒಯ್ಯುವ ಧೈರ್ಯ ನನಗೆ ಉಳಿದಿರಲಿಲ್ಲ.

ಹೀಗಿರುವಾಗ ಜೇವರ್ಗಿ ಕಡೆಯಿಂದ ಒಂದು ಕರೆ ಬಂತು. ಕೊಳಕೂರದ ಒಬ್ಬ ರೈತರಿಗೆ ಅದೇ ಕಾಯಿಲೆ, ಬಾಗಿಲಲ್ಲಿ ಅದೇ ನಿಲ್ಲುವುದು. ನಾನು ನೆಲಕ್ಕೆ ಪಟ್ಟಿ ಅಂಟಿಸಿ ಬಂದೆ. ಒಂದು ಮಂಗಳವಾರ ಅಫಜಲಪುರದ ಬಜಾರದಲ್ಲಿ ತೀರಿಕೊಂಡ ರೋಗಿಯ ಹೆಂಡತಿ ಸಿಕ್ಕಾಗ, ಮಾತಿಗೆ ಮಾತು ಬಂದು ಇದನ್ನು ಹೇಳಿದೆ.

“ಪಟ್ಟಿ ಅಷ್ಟ? ಹಾಡ ಹಚ್ಚಿಲ್ಲೇನ್ರಿ?”

“ಇಲ್ರಿ ಅಕ್ಕಾರ. ಇನ್ನ ಹಚ್ಚಂಗಿಲ್ಲ.”

ಅವರು ದಾರಿಯಲ್ಲೇ ನಿಂತರು. “ಹಾಡೇನ್ ಮಾಡಿತ್ರಿ ಪಾಪ? ನಮ್ಮನಿಯವರು ನನ್ನ ಮಾರಿ ನೋಡ್ಕೋತ ನಡದಾರ ಅದಕ್ಕ. ಅವರ ಮನಿಗಿ ನನ್ನ ಕರಕೊಂಡ ಹೋಗ್ರಿ. ಗುಳಗಿ ಬಿಟ್ರ ಏನಾಗ್ತದ ನಾ ಹೇಳ್ತೇನಿ. ನೀವು ಹೇಳಿದ್ರ ಡಾಕ್ಟರ್ ಮಾತಾಗ್ತದ.”

ಗುರುವಾರ ಇಬ್ಬರೂ ಕೊಳಕೂರಕ್ಕೆ ಹೋದೆವು. ಆ ಮನೆಯ ಹಿರಿಯರು, ಕಿರಿಯರು ಎಲ್ಲರನ್ನೂ ಕೂರಿಸಿ ಅವರು ಹೇಳಿದರು. ಹೇಗೆ ಜ್ವರ ಬಂತು, ಕೈ ಹೇಗೆ ಮಡಿಯದಾಯಿತು, ಗೊಬ್ಬೂರದಿಂದ ಬಂದಾಗ ಆಸ್ಪತ್ರೆಯ ಗಾಜಿನಾಚೆ ಗಂಡನನ್ನು ಹೇಗೆ ಕಂಡರು. ಭಾವನ ಹೆಸರು ಎತ್ತಲಿಲ್ಲ. ‘ನಮ್ಮ ಮನ್ಯಾಗ ಗುಳಗಿ ಬಿಡಸಿದ್ವಿ’ ಎಂದಷ್ಟೇ ಅಂದರು. ಕೇಳುತ್ತಿದ್ದ ರೈತರ ಹೆಂಡತಿ ಎದ್ದು ಹೋಗಿ ಗುಳಿಗೆಯ ಡಬ್ಬಿ ತಂದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಆಮೇಲೆ ಕಲಿಸುವ ಹೊತ್ತು. ರೋಗಿ ಆಗಲೇ ದಣಿದಿದ್ದರು. ನಾನೇ ರೋಗಿಯಂತೆ ನಿಂತು ರೈತರ ಹೆಂಡತಿಗೆ ಕೈ ಹಿಡಿಯುವುದನ್ನು ತೋರಿಸಿದೆ, ಆಕೆಗೆ ಹೊಳೆಯಲಿಲ್ಲ. ನಾನು ಆರೋಗ್ಯವಂತಳು, ನನ್ನ ಕಾಲು ಕರೆಯುವ ಮೊದಲೇ ಬಂದುಬಿಡುತ್ತಿತ್ತು. ನನ್ನ ಜೊತೆ ಬಂದಿದ್ದ ಅಫಜಲಪುರದ ಹೆಂಗಸು ನನ್ನನ್ನು ಪಕ್ಕಕ್ಕೆ ಸರಿಸಿದರು.

“ಸರೀರಿ, ನಾ ಅವರಾಗ್ತೇನಿ.”

ಅವರು ಬೆನ್ನು ಬಾಗಿಸಿದರು. ಕತ್ತು ಮುಂದೆ ಬಂತು, ಮೊಣಕೈ ಪಕ್ಕೆಗೆ ಅಂಟಿತು, ಬೆರಳುಗಳು ನಡುಗತೊಡಗಿದವು. ಎಡಗಾಲು ನೆಲ ಉಜ್ಜುತ್ತ ಸಣ್ಣ ಸಣ್ಣ ಹೆಜ್ಜೆ ಇಟ್ಟಿತು. ಮುಖದಲ್ಲಿ ಏನೂ ಉಳಿಯಲಿಲ್ಲ. ಪಡಸಾಲೆಯಲ್ಲಿ ಅವರ ಗಂಡನೇ ನಡೆದು ಬರುತ್ತಿದ್ದರು. ಅವರ ಫೋನಿನಲ್ಲಿ ಉಳಿದಿದ್ದ ಹಳೆಯ ಹಾಡು ಹಚ್ಚಿತ್ತು. ರೈತರ ಹೆಂಡತಿ ಅವರ ಎರಡೂ ಕೈ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಡುಮನೆಯ ಬಾಗಿಲವರೆಗೆ ಬಂದರು. ಹೊಸ್ತಿಲ ಮುಂದೆ ಅಫಜಲಪುರದವರ ಎರಡೂ ಪಾದ ನಿಂತವು. ಮೊಣಕಾಲು ನಡುಗಿದವು.

ರೈತರ ಹೆಂಡತಿ ಗಾಬರಿಯಾಗಿ ಎಳೆಯಲು ಹೋದರು.

“ಜಗ್ಗಬ್ಯಾಡ ತಂಗಿ,” ಎಂದರು ಅಫಜಲಪುರದವರು, ನೆಲದಿಂದ ಕಣ್ಣು ಎತ್ತದೆ, ಗಂಡನದೇ ಆ ಸಣ್ಣ ಧ್ವನಿಯಲ್ಲಿ. “ಕೈ ಬಿಡಬ್ಯಾಡ. ತಡಿ. ನಾ ಬರ್ತೇನಿ.”